ಎಡವಿದ್ದೆಲ್ಲಿ ಎಂದು ಹೇಳುವ ಪರೀಕ್ಷೆ

ಪ್ರೋಗ್ರಾಮಿನ ಒಂದು ಸಣ್ಣ ಭಾಗವನ್ನಷ್ಟೇ ಓಡಿಸಿ, ಬಂದ ಉತ್ತರವನ್ನು ಗೊತ್ತಿರುವ ಉತ್ತರದೊಂದಿಗೆ ತಾಳೆ ನೋಡುವುದು ಯೂನಿಟ್ ಟೆಸ್ಟ್. ಫಂಕ್ಷನಲ್ ಭಾಷೆಗಳಲ್ಲಿ ಈ ಕೆಲಸ ಹಗುರ. ಅಲ್ಲಿನ ಶುದ್ಧ ಫಂಕ್ಷನ್ನಿಗೆ ಒಂದೇ ಬೆಲೆ ಎಷ್ಟು ಸಲ ಕೊಟ್ಟರೂ ಉತ್ತರ ಒಂದೇ.

ಪಂಚಲಿಂಗ ದರ್ಶನದ ದಿನವನ್ನು ಲೆಕ್ಕಹಾಕುವ ಪ್ರೋಗ್ರಾಮನ್ನು ಕ್ಲೋಜರ್ ಭಾಷೆಯಲ್ಲಿ ಬರೆಯಬೇಕಿದೆ ಎನ್ನೋಣ. ತಲಕಾಡಿನ ಸುತ್ತಲಿನ ಈ ಐದು ಲಿಂಗಗಳಲ್ಲಿ ಮುಡುಕುತೊರೆಯ ಬೆಟ್ಟದ ಮಲ್ಲಿಕಾರ್ಜುನನೂ ಒಬ್ಬ. ದರ್ಶನಕ್ಕೆ ಕಾರ್ತಿಕದ ಅಮಾವಾಸ್ಯೆ ಸೋಮವಾರವೇ ಬೀಳಬೇಕು, ನಕ್ಷತ್ರವೂ ಕೂಡಿಬರಬೇಕು. ಆದ್ದರಿಂದಲೇ ಅದು ಪ್ರತಿವರ್ಷ ಬರುವುದಿಲ್ಲ. 2009ರ ನವೆಂಬರ್ 16, 2013ರ ಡಿಸೆಂಬರ್ 2, 2020ರ ಡಿಸೆಂಬರ್ 14 ಹೀಗೆ ದರ್ಶನ ನಡೆದ ದಿನಗಳು. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಸಿದ್ಧ ಉತ್ತರ ಬೇಕಿಲ್ಲ.

ತೊಡಕು ಇರುವುದು ತಾಳೆ ತಪ್ಪಿದಾಗ. ‘2020ರ ಡಿಸೆಂಬರ್ 14ರ ವಾರ ಸೋಮವಾರವೇ?’ ಎಂಬ ಹೋಲಿಕೆಯನ್ನು ಸಾಮಾನ್ಯ ಫಂಕ್ಷನ್ನಿಗೆ ಕೊಟ್ಟರೆ, ಭಾಷೆ ಮೊದಲು ಹೋಲಿಕೆಯನ್ನು ಮುಗಿಸಿ ಫಲವನ್ನಷ್ಟೇ ಒಳಗೆ ಕಳಿಸುತ್ತದೆ. ಪರೀಕ್ಷಿಸುವ ಫಂಕ್ಷನ್ನಿನ ಕೈಗೆ ಸಿಗುವುದು ‘ಸುಳ್ಳು’ ಎಂಬ ಒಂದೇ ಮಾತು. ಲೆಕ್ಕ ಯಾವ ವಾರವನ್ನು ಕೊಟ್ಟಿತು ಎಂಬುದು ಅಷ್ಟರಲ್ಲಿ ಕಳೆದುಹೋಗಿರುತ್ತದೆ.

ಈ ತೊಡಕನ್ನು ಬಿಡಿಸುವುದು ಮ್ಯಾಕ್ರೋ, ಅಂದರೆ ಕೋಡನ್ನೇ ತೆಗೆದುಕೊಂಡು ಬೇರೆ ಕೋಡನ್ನು ಹೆಣೆದುಕೊಡುವ ಸಾಧನ. ಅದು ಕೆಲಸ ಮಾಡುವುದು ಹೋಲಿಕೆ ನಡೆಯುವುದಕ್ಕೂ ಮೊದಲೇ, ಕೋಡ್ ಕಂಪೈಲ್ ಆಗುವ ಹಂತದಲ್ಲಿ. ಅದಕ್ಕೆ ಸಿಗುವುದು ಫಲವಲ್ಲ, ಬರೆದ ಕೋಡೇ. ಲಿಸ್ಪ್ ಕುಟುಂಬದಲ್ಲಿ ಕೋಡೂ ಒಂದು ಪಟ್ಟಿಯಾದ್ದರಿಂದ ಅದನ್ನು ಬಿಡಿಸಿ ಬೇರೆ ರೀತಿ ಜೋಡಿಸುವುದು ಕಷ್ಟವಲ್ಲ. 2007ರಲ್ಲಿ ರಿಚ್ ಹಿಕ್ಕಿ ಹೊರತಂದ ಕ್ಲೋಜರ್ ಕೂಡ ಅದೇ ಕುಟುಂಬದ್ದು. ಅದರ ಪರೀಕ್ಷಾ ಲೈಬ್ರರಿಯ ‘ಈಸ್’ ಮ್ಯಾಕ್ರೋ ಹೋಲಿಕೆಯನ್ನು ಬರೆದಂತೆಯೇ ಉಳಿಸಿಕೊಂಡು, ಎರಡೂ ಬದಿಯ ಬೆಲೆಗಳನ್ನು ಬೇರೆಬೇರೆಯಾಗಿ ಹಿಡಿದಿಡುವ ಕೋಡನ್ನು ತಾನೇ ಹೆಣೆಯುತ್ತದೆ. ಪರೀಕ್ಷೆ ಸೋತರೆ, ಕೇಳಿದ ಪ್ರಶ್ನೆ ಯಾವುದು, ಸೋಮವಾರದ ಬದಲು ಬಂದದ್ದು ಮಂಗಳವಾರವೇ ಎಂಬುದೆಲ್ಲ ತೆರೆಯ ಮೇಲೆ ಮೂಡುತ್ತದೆ. ತಪ್ಪು ಹುಡುಕುವವರಿಗೆ ಅರ್ಧ ದಾರಿ ಅಲ್ಲೇ ಸವೆಯುತ್ತದೆ. ಎಲಿಕ್ಸಿರ್ ಭಾಷೆಯ ‘ಅಸರ್ಟ್’ ಕೂಡ ಇಂಥದೇ ಮ್ಯಾಕ್ರೋ.

ಕ್ಲೋಜರಿನ ಅದೇ ಲೈಬ್ರರಿಯ ‘ಆರ್’ ಎಂಬ ಇನ್ನೊಂದು ಮ್ಯಾಕ್ರೋ ಬರವಣಿಗೆಯನ್ನೇ ಕಡಿಮೆ ಮಾಡುತ್ತದೆ. ಹೋಲಿಕೆಯ ಮಾದರಿಯನ್ನು ಒಮ್ಮೆ ಬರೆದು, ಕೆಳಗೆ ಮೂರು ದಿನಾಂಕಗಳನ್ನೂ ಅವುಗಳ ಉತ್ತರಗಳನ್ನೂ ಸಾಲಾಗಿ ಕೊಟ್ಟರೆ ಸಾಕು, ಮೂರು ‘ಈಸ್’ ಪರೀಕ್ಷೆಗಳು ಹುಟ್ಟುತ್ತವೆ. ದರ್ಶನವಿಲ್ಲದ ದಿನಗಳನ್ನೂ ಅಲ್ಲೇ ಸೇರಿಸುವುದು ಒಳ್ಳೆಯದು. ಎಲ್ಲದಕ್ಕೂ ‘ಹೌದು’ ಎನ್ನುವ ಫಂಕ್ಷನ್ ಆಗ ಸಿಕ್ಕಿಬೀಳುತ್ತದೆ. ಆದರೆ ‘ಆರ್’ ಬಳಸಿದಾಗ ಸೋತ ಪರೀಕ್ಷೆಯ ಸಾಲಿನ ಸಂಖ್ಯೆ ಸರಿಯಾಗಿ ಸಿಗದೆ ಹೋಗಬಹುದು.

ಮ್ಯಾಕ್ರೋವನ್ನು ಫಂಕ್ಷನ್ನಿನಂತೆ ಇನ್ನೊಂದು ಫಂಕ್ಷನ್ನಿನ ಕೈಗೆ ಕೊಡಲೂ ಬರುವುದಿಲ್ಲ. ಅದು ಹೆಣೆದ ಕೋಡಿನಲ್ಲೇ ದೋಷವಿದ್ದರೆ ಪತ್ತೆ ಕಷ್ಟ. ಹಾಗಾಗಿ ಸ್ವಂತ ಪರೀಕ್ಷಾ ಮ್ಯಾಕ್ರೋ ಬರೆಯುವಾಗ ತಿಥಿ, ವಾರ, ನಕ್ಷತ್ರದ ಲೆಕ್ಕವನ್ನೆಲ್ಲ ಫಂಕ್ಷನ್ನುಗಳಿಗೇ ಬಿಟ್ಟು, ಕೋಡನ್ನು ಹಾಗೆಯೇ ಹಿಡಿದುಕೊಡುವ ತೆಳು ಪದರವನ್ನು ಮಾತ್ರ ಮ್ಯಾಕ್ರೋ ಆಗಿಸಬೇಕು.