ಸಂಕರ ತೆಂಗಿನ ಸಸಿಯ ತಾಯಿ ಹಾಗೂ ತಂದೆ ತಳಿಗಳನ್ನು ನಿರ್ಧರಿಸುವ ವಿಧಾನ

ಬಸ್ರೂರು ಮತ್ತು ಸುತ್ತಲಿನ ಗ್ರಾಮಗಳಲ್ಲಿ ಸಂಕರ ಸಸಿಯೆಂದು ತಿಳಿದು ಬೇರೆ ಸಸಿಯನ್ನು ನೆಟ್ಟ ರೈತರಿಗೆ ಆ ತಪ್ಪು ಅರಿವಾಗುವುದು ಗಿಡ ಫಲಕ್ಕೆ ಬಂದ ನಂತರವೇ. ಅಷ್ಟರಲ್ಲಿ ನಾಲ್ಕೈದು ವರ್ಷಗಳು ಕಳೆದಿರುತ್ತವೆ. ಆದುದರಿಂದ ಸಸಿಗಾಗಿ ಅರ್ಜಿ ಸಲ್ಲಿಸುವವರು ಈ ಮಾಹಿತಿಯನ್ನು ತಿಳಿದಿರುವುದು ಅವಶ್ಯಕ.

ಸಂಕರ ತಳಿಯ ಹೆಸರಿನಲ್ಲಿ ತಾಯಿ ಮೊದಲು, ತಂದೆ ನಂತರ ಬರುತ್ತದೆ. ಟಿ×ಡಿ ಎಂದರೆ ಎತ್ತರದ ತಾಯಿ, ಗಿಡ್ಡ ತಂದೆ. ಡಿ×ಟಿ ಇದಕ್ಕೆ ವಿರುದ್ಧ. ಭಾರತದಲ್ಲಿ ತೆಂಗಿನ ಮೊದಲ ಸಂಕರಣವನ್ನು 1932ರಲ್ಲಿ ನೀಲೇಶ್ವರದಲ್ಲಿ ಜೆ.ಎಸ್. ಪಟೇಲ್ ಅವರು ನಡೆಸಿದರು. ಆಗ ಕುಂದಾಪುರದಂತೆ ನೀಲೇಶ್ವರವೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ಪಶ್ಚಿಮ ಕರಾವಳಿ ಎತ್ತರದ ತಳಿ ತಾಯಿಯಾಗಿಯೂ ಚೌಘಾಟ್ ಹಸಿರು ಗಿಡ್ಡ ತಳಿ ತಂದೆಯಾಗಿಯೂ ಬಳಕೆಯಾಗಿದ್ದವು.

ಕಾಯಿ ಕೊಯ್ದ ಮರವೇ ತಾಯಿ, ಇದರಲ್ಲಿ ಸಂಶಯವಿಲ್ಲ. ತಿಳಿಯಬೇಕಾದುದು ತಂದೆಯನ್ನು. ಎತ್ತರದ ಮರದ ಒಂದು ಹೊಂಬಾಳೆಯಲ್ಲಿ ಗಂಡು ಹೂಗಳು ಉದುರಿದ ನಂತರ ಹೆಣ್ಣು ಹೂಗಳು ಸಿದ್ಧವಾಗುವುದರಿಂದ ಸಾಮಾನ್ಯವಾಗಿ ಬೇರೆ ಮರದ ಪರಾಗ ಸೇರುತ್ತದೆ. ಗಿಡ್ಡ ಮರದಲ್ಲಿ ಎರಡೂ ಏಕಕಾಲಕ್ಕೆ ಅರಳುವುದರಿಂದ ಹೆಚ್ಚಾಗಿ ಸ್ವಪರಾಗಸ್ಪರ್ಶವಾಗುತ್ತದೆ. ಹೀಗಾಗಿ ಸಂಕರಣಕ್ಕೆ ಗಂಡು ಹೂಗಳನ್ನು ಮೊದಲೇ ತೆಗೆದು, ಹೊಂಬಾಳೆಗೆ ಚೀಲ ಕಟ್ಟಿ, ಆಯ್ದ ಮರದ ಪರಾಗವನ್ನು ಹಾಕಲಾಗುತ್ತದೆ.

ತಾಯಿ ಚೌಘಾಟ್ ಕಿತ್ತಳೆ ಗಿಡ್ಡ ತಳಿಯಾಗಿದ್ದರೆ ಪರೀಕ್ಷೆ ಸುಲಭ. ನರ್ಸರಿಯಲ್ಲಿ ಎಲೆಯ ತೊಟ್ಟು ಕಿತ್ತಳೆ ಬಣ್ಣದ್ದಾಗಿದ್ದರೆ ಅದು ಸ್ವಪರಾಗದ ಸಸಿ, ಅಂತಹವುಗಳನ್ನು ತೆಗೆದುಹಾಕಲಾಗುತ್ತದೆ. ತೊಟ್ಟು ಕಂದು ಅಥವಾ ಹಸಿರಾಗಿದ್ದರೆ ಬೇರೆ ತಳಿಯ ಪರಾಗ ಸೇರಿದೆ ಎಂದರ್ಥ. 1985ರಲ್ಲಿ ಬಿಡುಗಡೆಯಾದ ಚಂದ್ರ ಸಂಕರ ಇಂತಹ ಡಿ×ಟಿ ತಳಿ. (ಊರಿನಲ್ಲಿ ಗೆಂದಾಳಿ ಎಂಬ ಹೆಸರು ಕಾಯಿಯ ಬಣ್ಣಕ್ಕೆ ಸಲ್ಲುವುದೇ ಹೊರತು ತಳಿಗಲ್ಲ. ಮನೆಯ ಗೆಂದಾಳಿ ಮರದ ಸಸಿಗೆ ಈ ಪರೀಕ್ಷೆಯನ್ನು ಅನ್ವಯಿಸಬಾರದು.)

ಆದರೆ ಬಣ್ಣವು ತಂದೆ ಕಿತ್ತಳೆ ತಳಿಯಲ್ಲವೆಂದು ಮಾತ್ರ ಹೇಳುತ್ತದೆ; ಯಾವ ತಳಿಯೆಂದು ಹೇಳುವುದಿಲ್ಲ. ಟಿ×ಡಿ ಸಸಿಗಳಲ್ಲಂತೂ ಈ ಗುರುತು ನೆರವಿಗೆ ಬಾರದು. ಎತ್ತರದ ತಾಯಿಯ ಶುದ್ಧ ಸಸಿಗಳ ತೊಟ್ಟೂ ಹಸಿರು ಅಥವಾ ಕಂದಾಗಿರುತ್ತದೆ. ಅಲ್ಲಿ ಪರಾಗಸ್ಪರ್ಶದ ದಾಖಲೆಯೇ ಆಧಾರ; ಸಂದೇಹವಿದ್ದಲ್ಲಿ ಡಿಎನ್‌ಎ ಪರೀಕ್ಷೆ. ತಾಯಿಯಲ್ಲಿಲ್ಲದ, ತಂದೆ ತಳಿಯಲ್ಲಿರುವ ಡಿಎನ್‌ಎ ಗುರುತು ಸಸಿಯಲ್ಲಿ ಕಂಡುಬಂದರೆ ಸಂಕರವೆಂದು ನಿರ್ಧರಿಸಬಹುದು.

ಸಂಕರ ಮರದ ಕಾಯಿಯನ್ನು ಬಿತ್ತಿ ಬೆಳೆಸಿದ ಸಸಿ ಅದೇ ಸಂಕರ ತಳಿಯಾಗುವುದಿಲ್ಲ. ಅದರಲ್ಲಿ ಗುಣಗಳು ಹಂಚಿಹೋಗುತ್ತವೆ. ನೆರೆಮನೆಯ ಹೈಬ್ರಿಡ್ ಮರದಿಂದ ಬೀಜದ ಕಾಯಿ ತರುವ ರೂಢಿಯಿಂದಲೇ ಹೆಚ್ಚಿನ ನಿರಾಶೆ ಉಂಟಾಗುತ್ತದೆ.

ಸಸಿ ಪಡೆಯುವಾಗ ತಾಯಿ ಮತ್ತು ತಂದೆ ತಳಿಗಳೆರಡರ ಹೆಸರನ್ನೂ ರಶೀದಿಯಲ್ಲಿ ನಮೂದಿಸುವಂತೆ ಕೋರಿ, ನೆಟ್ಟ ಗಿಡ ಫಲಕ್ಕೆ ಬರುವವರೆಗೆ ಅದನ್ನು ಕಾಪಾಡಿಕೊಳ್ಳತಕ್ಕದ್ದು.