ಭರವಸೆಗಿಂತ ವೇಗವಾಗಿ ಓಡಿದ ವದಂತಿ

2012ರ ಆಗಸ್ಟ್ 15ರ ಸಂಜೆ. ಬೆಂಗಳೂರಿನ ಸಿಟಿ ರೈಲು ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೆಕ್ಯೂರಿಟಿ ಗಾರ್ಡುಗಳು, ಬ್ಯೂಟಿ ಪಾರ್ಲರಿನ ಹುಡುಗಿಯರು, ಹೋಟೆಲ್ ಕೆಲಸಗಾರರು, ವಿದ್ಯಾರ್ಥಿಗಳು ಕೈಗೆ ಸಿಕ್ಕಿದ್ದನ್ನು ಬ್ಯಾಗಿಗೆ ತುರುಕಿಕೊಂಡು ಗುವಾಹಟಿ ರೈಲಿಗೆ ಮುಗಿಬಿದ್ದಿದ್ದರು. ರಂಜಾನ್ ಮುಗಿಯುವ ಹೊತ್ತಿಗೆ ಈಶಾನ್ಯ ರಾಜ್ಯಗಳವರ ಮೇಲೆ ದಾಳಿಯಾಗುತ್ತದೆ ಎಂಬ ಎಸ್ಸೆಮ್ಮೆಸ್ ಅವರ ಮೊಬೈಲುಗಳಲ್ಲಿ ಹರಿದಾಡಿತ್ತು.

ದಾಳಿ ನಡೆಯಲೇ ಇಲ್ಲ. ಆದರೂ ಕೆಲವೇ ದಿನಗಳಲ್ಲಿ ಸಾವಿರಾರು ಜನ ಊರು ಬಿಟ್ಟರು.

ಸರ್ಕಾರ ಸುಮ್ಮನೆ ಕೂತಿತ್ತೆಂದಲ್ಲ. ಮುಖ್ಯಮಂತ್ರಿ ಜಗದೀಶ ಶೆಟ್ಟರ್ ಅಭಯ ನೀಡಿದರು. ಗೃಹ ಸಚಿವ ಆರ್. ಅಶೋಕ ನಿಲ್ದಾಣಕ್ಕೇ ಹೋಗಿ ‘ಹೋಗಬೇಡಿ’ ಎಂದು ಕೇಳಿಕೊಂಡರು. ಆಗ ರಾಜ್ಯ ಪೊಲೀಸ್ ಮುಖ್ಯಸ್ಥರಾಗಿದ್ದ ಲಾಲ್‌ರೊಖುಮಾ ಪಚಾವು ಸ್ವತಃ ಮಿಜೋರಾಂನವರು. ಇಷ್ಟಾದರೂ ಮಾತು ನಾಟಲಿಲ್ಲ.

ಕಾರಣ, ಸುಳ್ಳಿನೊಳಗೆ ನಿಜದ ಚೂರುಗಳಿದ್ದವು. ಜುಲೈನಲ್ಲಿ ಅಸ್ಸಾಮಿನ ಕೊಕ್ರಾಝಾರ್ ಕೋಮುಗಲಭೆಯಲ್ಲಿ ಹೊತ್ತಿ ಉರಿದಿತ್ತು. ಹಿಂದಿನ ದಿನವಷ್ಟೇ ಮೈಸೂರಿನಲ್ಲಿ ಟಿಬೆಟನ್ ಯುವಕನೊಬ್ಬನಿಗೆ ಚಾಕು ಇರಿಯಲಾಗಿತ್ತು. ಇವು ಕಿವಿಗೆ ಬಿದ್ದಿದ್ದವನಿಗೆ ‘ಎಲ್ಲ ಸುಳ್ಳು, ಹೆದರಬೇಡಿ’ ಎಂದರೆ ಹೆದರಿಕೆ ಕಡಿಮೆಯಾಗುವುದಿಲ್ಲ. ಹೇಳಿದವರ ಮೇಲೆ ಅನುಮಾನ ಹುಟ್ಟುತ್ತದೆ. ನಡೆದದ್ದೆಷ್ಟು, ನಡೆಯದೇ ಇದ್ದದ್ದು ಯಾವುದು, ತನ್ನ ಬೀದಿಯಲ್ಲಿ ಪೊಲೀಸರಿದ್ದಾರೆಯೇ, ಯಾವ ನಂಬರಿಗೆ ಫೋನ್ ಮಾಡಬೇಕು: ಅವನಿಗೆ ಬೇಕಾದದ್ದು ಇಂಥ ಬಿಡಿಬಿಡಿ ಉತ್ತರ. ಜೊತೆಗೆ ಇನ್ನೊಂದು ಎಡವಟ್ಟು. ನೂಕುನುಗ್ಗಲು ತಡೆಯಲು ರೈಲ್ವೆ ವಿಶೇಷ ರೈಲುಗಳನ್ನು ಬಿಟ್ಟಿತು. ಪ್ರಯಾಣಿಕರ ಸುರಕ್ಷತೆಗೆ ಅದು ಬೇಕಿತ್ತು, ನಿಜ. ಆದರೆ ಸಚಿವರು ‘ಇರಿ’ ಎನ್ನುತ್ತಿದ್ದಾಗ ಪ್ಲಾಟ್‌ಫಾರ್ಮಿನಲ್ಲಿ ನಿಂತ ರೈಲು ‘ಹೊರಡಿ’ ಎಂದಂತಿತ್ತು. ಆಗಸ್ಟ್ 17ರಂದು ಕೇಂದ್ರ ಸರ್ಕಾರ 15 ದಿನಗಳ ಮಟ್ಟಿಗೆ ಸಗಟು ಎಸ್ಸೆಮ್ಮೆಸ್ ನಿಷೇಧಿಸಿತು. ಅಷ್ಟರಲ್ಲಿ ಸುದ್ದಿ ಬಾಯಿಂದ ಬಾಯಿಗೆ ದಾಟಿಯಾಗಿತ್ತು.

ನಾಲ್ಕು ವರ್ಷಗಳ ನಂತರ ಜರ್ಮನಿಯ ಮ್ಯೂನಿಕ್ ಇಂಥದ್ದೇ ಗಾಬರಿಗೆ ಸಿಲುಕಿತು. ಅಲ್ಲಿ ಮಾತ್ರ ಅಪಾಯ ನಿಜವಾಗಿತ್ತು. 2016ರ ಜುಲೈ 22ರಂದು ಒಲಿಂಪಿಯಾ ಶಾಪಿಂಗ್ ಮಾಲ್ ಬಳಿ ಬಂದೂಕುಧಾರಿಯೊಬ್ಬ ಒಂಬತ್ತು ಜನರನ್ನು ಕೊಂದ. ನಗರದ ಇತರೆಡೆಯೂ ಗುಂಡು ಹಾರಿದೆಯೆಂಬ ಸುಳ್ಳು ಸುದ್ದಿ ಕ್ಷಣಾರ್ಧದಲ್ಲಿ ಹಬ್ಬಿತು. ಪೊಲೀಸರು ಜರ್ಮನ್, ಇಂಗ್ಲಿಷ್, ಫ್ರೆಂಚ್, ಟರ್ಕಿಶ್ ಭಾಷೆಗಳಲ್ಲಿ ಟ್ವೀಟ್ ಮಾಡಿದರು. ಕಾರ್ಯಾಚರಣೆಯ ಫೋಟೊ, ವಿಡಿಯೊ ಹಾಕಬೇಡಿ ಎಂದು ಕೇಳಿಕೊಂಡರು. ವಕ್ತಾರ ಮಾರ್ಕಸ್ ದ ಗ್ಲೋರಿಯಾ ಮಾರ್ಟಿನ್ಸ್ ಕ್ಯಾಮೆರಾಗಳ ಮುಂದೆ ಸಮಾಧಾನದಿಂದ ನಿಂತು, ಖಚಿತವಾದದ್ದನ್ನಷ್ಟೇ ಹೇಳಿದರು; ಊಹಿಸುವಂತೆ ಕೆದಕಿದ ಪತ್ರಕರ್ತರಿಗೆ ಮಣಿಯಲಿಲ್ಲ. ಮೊದಲು ಮೂವರವರೆಗೆ ದಾಳಿಕೋರರಿರಬಹುದು ಎಂದಿದ್ದ ಪೊಲೀಸರು ಆಮೇಲೆ ಒಬ್ಬನೇ ಎಂದು ತಿದ್ದಿಕೊಂಡರು. ಆ ತಿದ್ದುಪಡಿಯಿಂದ ಅವರ ಮೇಲಿನ ನಂಬಿಕೆಗೆ ಕುಂದು ಬರಲಿಲ್ಲ. ವಕ್ತಾರರ ಸಂಯಮವನ್ನು ಜರ್ಮನಿ ಮೆಚ್ಚಿಕೊಂಡಿತು.

ಬೆಂಗಳೂರಿನಲ್ಲಿ 2012ರ ರಂಜಾನ್ ಹಬ್ಬ ಆಗಸ್ಟ್ 20ರಂದು ಶಾಂತವಾಗಿ ಕಳೆಯಿತು. ಮುಂದಿನ ವಾರಗಳಲ್ಲಿ ಗುವಾಹಟಿ ಕಡೆಯಿಂದ ಬಂದ ರೈಲುಗಳಿಂದ ಅದೇ ಗಾರ್ಡುಗಳು, ಅದೇ ಹುಡುಗಿಯರು ಬ್ಯಾಗು ಹೊತ್ತು ಇಳಿಯತೊಡಗಿದರು.