ನಕ್ಷೆಯಲ್ಲಿ ನಮ್ಮ ಖಬರ್‌ಸ್ಥಾನದ ಬಣ್ಣ ಯಾವುದು?

ಕೆಲವು ವರ್ಷಗಳ ಹಿಂದೆ ನಾವು ಮದ್ರಸದಲ್ಲಿ ಕಲಿಸುತ್ತಿದ್ದ ಒಂದು ಊರಿನಲ್ಲಿ ನಡೆದದ್ದು. ಊರಿನ ಹೆಸರು ಬೇಡ. ಯಾವ ಮಹಲ್ಲ್‌ನಲ್ಲೂ ನಡೆಯಬಹುದಾದ ಸಂಗತಿ.

ಜಮಾಅತ್‌ನ ಹುಡುಗನೊಬ್ಬ, ಡಿಪ್ಲೊಮಾ ಸಿವಿಲ್ ಕಲಿತವನು, ಮಾವನ ಜಾಗದ ಏಕನಿವೇಶನದ ಕೆಲಸಕ್ಕೆಂದು ಯೋಜನಾ ಪ್ರಾಧಿಕಾರದ ಕಚೇರಿಗೆ ಹೋಗಿದ್ದ. ಅಲ್ಲಿ ಗೋಡೆಯಲ್ಲಿ ಹೊಸ ಮಾಸ್ಟರ್ ಪ್ಲಾನ್‌ನ ಕರಡು ನಕ್ಷೆ ತೂಗುಹಾಕಿದ್ದರಂತೆ. ಮೊಬೈಲ್‌ನಲ್ಲಿ ಫೋಟೊ ಹೊಡೆದು ಜಮಾಅತ್‌ನ ಗ್ರೂಪಿಗೆ ಕಳಿಸಿದ. ಜುಮಾ ಮುಬಾರಕ್ ಸ್ಟಿಕ್ಕರ್‌ಗಳ ಮಧ್ಯೆ ಅದನ್ನು ಯಾರೂ ನೋಡಲಿಲ್ಲ, ನಾವೂ ನೋಡಲಿಲ್ಲ. ಮೂರನೇ ದಿನ ಅವನೇ ಮದ್ರಸಕ್ಕೆ ಬಂದು, "ಉಸ್ತಾದ್, ನಮ್ಮ ಖಬರ್‌ಸ್ಥಾನಕ್ಕೆ ಹಳದಿ ಬಣ್ಣ ಕೊಟ್ಟಿದ್ದಾರೆ" ಎಂದ. ಹಳದಿಯಾದರೆ ಏನಾಯಿತು ಎಂದು ಕೇಳಿದೆವು. ಹಳದಿ ಎಂದರೆ ವಸತಿ ವಲಯ, ಅಲ್ಲಿ ಮನೆ ಕಟ್ಟಬಹುದು ಎಂದು ಅರ್ಥ ಎಂದ.

ಮೂರು ತಲೆಮಾರಿನವರು ಮಲಗಿರುವ ಜಾಗ. ಸುದ್ದಿ ಹಬ್ಬಿದ ರಾತ್ರಿ ಇಶಾ ಆದ ಮೇಲೆ ಮಸೀದಿ ಹೊರಗೆ ದೊಡ್ಡ ಗಲಾಟೆ. ಕೆಲವರು ಇದರ ಹಿಂದೆ ಯಾರದೋ ಪಿತೂರಿ ಇದೆ ಎಂದರು, ಕೆಲವರು ನಾಳೆಯೇ ಶಾಸಕರ ಮನೆಗೆ ಹೋಗೋಣ ಎಂದರು. ನೆರೆಮನೆಯ ನಿವೃತ್ತ ಗ್ರಾಮಕರಣಿಕರೊಬ್ಬರು ಎಲ್ಲ ಕೇಳಿ, "ಆರ್‌ಟಿಸಿ ಯಾರ ಹೆಸರಿನಲ್ಲಿ ಉಂಟು? ಮೊದಲು ಅದನ್ನು ತೆಗೆದು ನೋಡಿ" ಎಂದು ಅಷ್ಟೇ ಹೇಳಿದರು.

ತೆಗೆದು ನೋಡಿದರೆ, ಆ ಜಾಗವನ್ನು ದಾನ ಕೊಟ್ಟ ಹಿರಿಯರ ಹೆಸರೇ ಈಗಲೂ ಇದೆ! ಅವರು ತೀರಿಹೋಗಿ ದಶಕಗಳೇ ಆದವು. ಬಾಯಿಮಾತಲ್ಲಿ ಕೊಟ್ಟದ್ದು, ಬಾಯಿಮಾತಲ್ಲೇ ತೆಗೆದುಕೊಂಡದ್ದು. ದಫ್ತರದಲ್ಲಿ ಅದು ಖಾಸಗಿ ವರ್ಗ ಜಾಗ, ಸುತ್ತ ಮನೆಗಳು. ನಕ್ಷೆ ಮಾಡುವವನು ಹಳದಿ ಬಳಿಯದೆ ಇನ್ನೇನು ಮಾಡಿಯಾನು? ಪಿತೂರಿ ಹುಡುಕಲು ಹೊರಟವರು ನಮ್ಮ ಉದಾಸೀನದ ಮುಂದೆ ಬಂದು ನಿಂತೆವು.

ಇನ್ನು ಕಾನೂನಿನ ವಿಷಯ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರದ್ದು. ಪ್ರಾಧಿಕಾರ ಮಾಡಿದ ಪ್ಲಾನ್‌ಗೆ ಸರಕಾರ ಮೊದಲು ತಾತ್ಕಾಲಿಕ ಒಪ್ಪಿಗೆ ಕೊಡುತ್ತದೆ. ಆಮೇಲೆ ಅದನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಬೇಕು. 13ನೇ ಕಲಮಿನ ಪ್ರಕಾರ ಅದಕ್ಕೆ ಇರುವುದು 60 ದಿನ. ಲಿಖಿತವಾಗಿ ಬಂದ ಆಕ್ಷೇಪ, ಸಲಹೆಗಳನ್ನು ಪ್ರಾಧಿಕಾರ ಪರಿಶೀಲಿಸಿ, ಏನು ತಿದ್ದಬೇಕು ಎಂಬ ಶಿಫಾರಸಿನೊಂದಿಗೆ ಪುನಃ ಸರಕಾರಕ್ಕೆ ಕಳಿಸಬೇಕು. ನಂತರ ಅಂತಿಮ ಒಪ್ಪಿಗೆ. ಒಮ್ಮೆ ಅಂತಿಮವಾದರೆ ಭೂಬಳಕೆ ಬದಲಿಸಲು 14ಎ ಕಲಮು ಇದೆ ನಿಜ. ಅದಕ್ಕೆ ಸರಕಾರದ ಅನುಮತಿ, ಪತ್ರಿಕಾ ಪ್ರಕಟಣೆ, ಶುಲ್ಕ, ಓಡಾಟ ಎಲ್ಲ ಬೇಕು. ಆ 60 ದಿನದಲ್ಲಿ ಒಂದು ಹಾಳೆಯಲ್ಲಿ ಮುಗಿಯುವ ಕೆಲಸಕ್ಕೆ ಆಮೇಲೆ ವರ್ಷಗಟ್ಟಲೆ ಅಲೆಯಬೇಕಾಗುತ್ತದೆ.

ಈ ಬಣ್ಣಗಳು ಬರೀ ಕಾಗದದ ಮೇಲಿನ ಚಂದಕ್ಕೆ ಇರುವುದಲ್ಲ. ಹಳದಿ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ. ಮಸೀದಿ, ಮದ್ರಸ, ಶಾಲೆ, ಆಸ್ಪತ್ರೆಗಳು ಸಾರ್ವಜನಿಕ ಮತ್ತು ಅರೆ ಸಾರ್ವಜನಿಕ ಎಂಬ ಕೆಂಪು ಬಣ್ಣದಲ್ಲಿ ಬರುತ್ತವೆ. ಹಸಿರು ಇದ್ದರೆ ಪಾರ್ಕ್ ಅಥವಾ ಕೃಷಿ. ನಿಮ್ಮ ಹತ್ತು ಸೆಂಟ್ಸ್ ಕೃಷಿ ವಲಯದಲ್ಲಿ ಬಿದ್ದಿದ್ದರೆ ಏಕನಿವೇಶನಕ್ಕೆ ಹೋದಾಗ ಗೊತ್ತಾಗುತ್ತದೆ. ಏಕನಿವೇಶನ ಆಗದಿದ್ದರೆ 9/11 ಇಲ್ಲ, 9/11 ಇಲ್ಲದಿದ್ದರೆ ಬ್ಯಾಂಕ್ ಸಾಲ ಇಲ್ಲ. ಗಲ್ಫಿನಲ್ಲಿ ಹದಿನೈದು ವರ್ಷ ದುಡಿದು ಜಾಗ ತೆಗೆದವರು ಈ ಒಂದು ಬಣ್ಣದಿಂದಾಗಿ ಬಾಡಿಗೆ ಮನೆಯಲ್ಲೇ ಉಳಿದದ್ದನ್ನು ನಾವು ಕಂಡಿದ್ದೇವೆ.

ನಾವು ಲೆಕ್ಕ ಹಾಕುವಾಗ 60ರಲ್ಲಿ 19 ದಿನ ಬಾಕಿ ಇತ್ತು. ಜುಮಾದ ನಂತರ ಮೈಕಿನಲ್ಲಿ ಹೇಳಿದರೆ ಗಂಡಸರಿಗೆ ಮಾತ್ರ ತಲುಪುತ್ತದೆ. ಅವರಲ್ಲೂ ಅರ್ಧ ಜನ ದುಬೈ, ದಮಾಮ್‌ನಲ್ಲಿ. ಮನೆಯ ದಾಖಲೆಯ ಕಟ್ಟು ಇರುವುದು ಹೆಂಗಸರ ಕೈಯಲ್ಲಿ. ಹಾಗಾಗಿ ಮದ್ರಸದ ಮಕ್ಕಳ ಡೈರಿಯಲ್ಲಿ ಬರೆದು ಕಳಿಸಿದೆವು: ನಿಮ್ಮ ಜಾಗದ ಸರ್ವೆ ನಂಬರ್ ಬರೆದು ಕಳಿಸಿ. ಉಮ್ಮಂದಿರು ಎರಡೇ ದಿನದಲ್ಲಿ ಕಳಿಸಿದರು. ಕೆಲವರು ಆರ್‌ಟಿಸಿಯ ಜೆರಾಕ್ಸನ್ನೇ ಮಡಚಿ ಖುರ್‌ಆನ್ ಚೀಲದಲ್ಲಿ ಇಟ್ಟು ಕಳಿಸಿದ್ದರು. ಆ ಹುಡುಗ ಒಂದೊಂದೇ ನಂಬರನ್ನು ನಕ್ಷೆಯಲ್ಲಿ ಹುಡುಕಿ ಗುರುತು ಹಾಕಿದ. ಒಬ್ಬ ವಿಧವೆಯ ಮನೆಯ ಬಾವಿಯ ಮೇಲೆಯೇ ಹೊಸ ರಸ್ತೆಯ ಗೆರೆ ಹಾದುಹೋಗಿತ್ತು. ಅವರಿಗೆ ಅದರ ಸುಳಿವೇ ಇರಲಿಲ್ಲ.

ಎಲ್ಲ ಚಂದವಾಗಿ ನಡೆಯಿತು ಎಂದು ಹೇಳುವಂತಿಲ್ಲ. ಊರಿನ ಬೈಲು ಇಡೀ ಕೃಷಿ ವಲಯದಲ್ಲಿತ್ತು. ಅಲ್ಲಿ ಜಾಗ ತೆಗೆದಿಟ್ಟಿದ್ದ ಕೆಲವು ಅನುಕೂಲಸ್ಥರು, ಬೈಲನ್ನು ವಾಣಿಜ್ಯ ವಲಯ ಮಾಡಬೇಕೆಂದು ಜಮಾಅತ್‌ನ ಲೆಟರ್‌ಹೆಡ್‌ನಲ್ಲೇ ಬರೆದು ಕೊಡಿ ಎಂದರು. ಮಸೀದಿಗೂ ಬಾಡಿಗೆ ಕಟ್ಟಡ ಆಗುತ್ತದಲ್ಲ ಎಂಬ ಆಸೆ ತೋರಿಸಿದರು. ಆಟಿಯ ಮಳೆಗೆ ಗುಡ್ಡೆಯ ನೀರೆಲ್ಲ ಇಳಿದು ನಿಲ್ಲುವುದು ಆ ಬೈಲಿನಲ್ಲಿ. ಅಲ್ಲಿಗೆ ಮಣ್ಣು ತುಂಬಿಸಿದರೆ ನೀರು ತೋಡು ದಾಟಿ ಆಚೆ ದಡದ ಮನೆಗಳಿಗೆ ನುಗ್ಗುತ್ತದೆ. ಆ ಮನೆಗಳು ನಮ್ಮವರದ್ದಲ್ಲ. ಇನ್ನೊಬ್ಬರಿಗೆ ಹಾನಿ ಮಾಡಿ ಲಾಭ ಪಡೆಯಬಾರದು ಎಂದು ಮಕ್ಕಳಿಗೆ ಫಿಕ್‌ಹ್ ಕಲಿಸುವ ನಾವು ಆ ಪತ್ರ ಬರೆಯಲು ಒಪ್ಪಲಿಲ್ಲ. ಸಭೆಯಲ್ಲಿ ಒಳ್ಳೆಯ ಜಗಳವೇ ಆಯಿತು. ನಿಮ್ಮ ಜಾಗಕ್ಕೆ ನಿಮ್ಮ ಹೆಸರಲ್ಲಿ ಬರೆಯಿರಿ, ಜಮಾಅತ್ ಹೆಸರಲ್ಲಿ ಬೇಡ ಎಂದು ಅಧ್ಯಕ್ಷರು ತೀರ್ಮಾನ ಕೊಟ್ಟರು. ಕೆಲವರು ನಮ್ಮೊಡನೆ ಎಷ್ಟೋ ದಿನ ಸಲಾಂ ಬಿಟ್ಟರೆ ಬೇರೆ ಮಾತಾಡಲಿಲ್ಲ.

ಸರಕಾರದ ಯೋಜನೆಗೆ ಆಕ್ಷೇಪ ಬರೆದರೆ ಅವರ ಕಣ್ಣಿಗೆ ಬೀಳುತ್ತೇವೆ ಎಂಬ ಹೆದರಿಕೆ ನಮ್ಮಲ್ಲಿ ಅನೇಕರಿಗೆ ಇದೆ. ಹೆದರಿದವರಿಗೆ ಅಂದು ನಾವು ಹೇಳಿದ್ದು ಉಮರ್ (ರ) ಅವರ ಕಾಲದ ಸಂಗತಿ. ಮದೀನಾದ ಮಸೀದಿಯನ್ನು ವಿಸ್ತರಿಸಲು ಪಕ್ಕದ ಅಬ್ಬಾಸ್ (ರ) ಅವರ ಮನೆ ಬೇಕಾಯಿತು. ಅವರು ಕೊಡಲು ಒಪ್ಪಲಿಲ್ಲ. ವಿಷಯ ಉಬಯ್ಯ್ ಬಿನ್ ಕಅಬ್ (ರ) ಅವರ ತೀರ್ಪಿಗೆ ಹೋಯಿತು. ಒಡೆಯನ ಒಪ್ಪಿಗೆ ಇಲ್ಲದೆ ತೆಗೆಯುವಂತಿಲ್ಲ ಎಂದು ತೀರ್ಪು ಬಂತು, ಖಲೀಫರ ವಿರುದ್ಧವೇ. ತನ್ನ ಹಕ್ಕು ಗಟ್ಟಿಯಾದ ಮೇಲೆ ಅಬ್ಬಾಸ್ ಅವರು ಮನೆಯನ್ನು ಮಸೀದಿಗೆ ದಾನವಾಗಿ ಕೊಟ್ಟರು. ಮಸೀದಿಯ ಕೆಲಸಕ್ಕೇ ಕೇಳದೆ ತೆಗೆಯುವಂತಿರಲಿಲ್ಲ ಎಂದ ಮೇಲೆ, ಇಂದು ಕಾನೂನೇ ಬರೆಯಿರಿ ಎಂದು ಕರೆಯುವಾಗ ಬರೆಯಲು ಹೆದರಿಕೆ ಏಕೆ?

ಅಂದು ಜಮಾಅತ್‌ನ ಪತ್ರದೊಂದಿಗೆ ವಕ್ಫ್ ನೋಂದಣಿಯ ಪ್ರತಿ, ದಫನ್ ರಿಜಿಸ್ಟರ್‌ನ ಹಳೆಯ ಪುಟಗಳ ನಕಲು, ಸರ್ವೆ ಸ್ಕೆಚ್ ಲಗತ್ತಿಸಿದೆವು. ದಾನಿಯ ವಾರಸುದಾರರೆಲ್ಲ ಒಪ್ಪಿಗೆ ಬರೆದು ಕೊಟ್ಟರು. ಅಲ್ಲಾಹನು ಅವರಿಗೆ ಒಳಿತು ಮಾಡಲಿ. ವೈಯಕ್ತಿಕ ಅರ್ಜಿಗಳನ್ನು ಬೇರೆ ಬೇರೆಯಾಗಿಯೇ ಬರೆಸಿದೆವು. ಒಂದೇ ಕಾಗದಕ್ಕೆ ನೂರು ಸಹಿ ಹಾಕಿದರೆ ಯಾರ ಸರ್ವೆ ನಂಬರಿನ ವಿಷಯ ಎಂದೇ ತಿಳಿಯುವುದಿಲ್ಲ. ಪ್ರತಿಯೊಂದಕ್ಕೂ ನಕಲು ಪ್ರತಿ ಒಯ್ದು ಸ್ವೀಕೃತಿ ಸೀಲು, ತಾರೀಕು ಹಾಕಿಸಿಕೊಂಡೆವು.

ಅಂತಿಮ ನಕ್ಷೆಯಲ್ಲಿ ಖಬರ್‌ಸ್ಥಾನ ಕೆಂಪಾಯಿತು, ಅಲ್‌ಹಮ್ದುಲಿಲ್ಲಾಹ್. ಆ ವಿಧವೆಯ ಬಾವಿಯ ಮೇಲಿನ ರಸ್ತೆಯ ಗೆರೆ ಮಾತ್ರ ಹಾಗೆಯೇ ಉಳಿಯಿತು. ರಸ್ತೆ ಇನ್ನೂ ಆಗಿಲ್ಲ. ಸೀಲು ಬಿದ್ದ ಪ್ರತಿಯನ್ನು ಅವರು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಮುಂದೆ ಯಾರಾದರೂ ಟೇಪು ಹಿಡಿದು ಬಂದರೆ, ನಾನು ಅಂದೇ ಹೇಳಿದ್ದೆ ಎನ್ನಲು ಅವರ ಹತ್ತಿರ ಅಷ್ಟಾದರೂ ಇದೆ.

ಇದನ್ನೆಲ್ಲ ಈಗ ಬರೆಯಲು ಕಾರಣ ಇದೆ. ಮಂಗಳೂರಿನ ಮಾಸ್ಟರ್ ಪ್ಲಾನ್ ಮಾಡಿದ್ದೇ 2021ರ ವರೆಗೆ ಎಂದು. ಆ ವರ್ಷ ದಾಟಿ ಹೋಯಿತು. ಪ್ಲಾನ್ ಪರಿಷ್ಕರಣೆ ಆದಾಗಲೆಲ್ಲ ಈ 60 ದಿನ ಪುನಃ ಬರುತ್ತದೆ. ಪತ್ರಿಕೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುವ ಪ್ರಕಟಣೆಯಿಂದಲೇ ದಿನ ಎಣಿಕೆ ಶುರು. ಆರ್‌ಟಿಸಿಯಲ್ಲಿ ಹೆಸರು ಸರಿಮಾಡಲು ಮಾತ್ರ ಯಾವ ಪ್ರಕಟಣೆಗೂ ಕಾಯಬೇಕಾಗಿಲ್ಲ. ನಾವು ಈಗ ಇರುವ ಮದ್ರಸದಲ್ಲಿ ಕಳೆದ ಶನಿವಾರ ಮಕ್ಕಳ ಡೈರಿಯಲ್ಲಿ ಪುನಃ ಬರೆದು ಕಳಿಸಿದ್ದೇವೆ: ಮನೆಯ ಸರ್ವೆ ನಂಬರ್ ಬರೆದು ತನ್ನಿ. ಸೋಮವಾರಕ್ಕೆ ಹನ್ನೊಂದು ಬಂದಿದೆ.